ಆವಿಕೋಶ ಪ್ರಯೋಗಾಲಯದ ಹಕ್ಕೊತ್ತಾಯ ಪತ್ರ

ಗೆ: ಸಂಸ್ಥೆಯ ನಿರ್ದೇಶಕರು ಮತ್ತು ಆಡಳಿತ ಮಂಡಳಿ
ಇಂದ: ಪರಮಾಣು ಭೌತವಿಜ್ಞಾನ ವಿಭಾಗದ ಸಂಶೋಧನಾ ವಿದ್ಯಾರ್ಥಿಗಳು ಮತ್ತು ತಾಂತ್ರಿಕ ಸಿಬ್ಬಂದಿ

ಮಾನ್ಯರೇ,

ಗಾಜಿನ ಕೋಶದೊಳಗಿನ ರುಬಿಡಿಯಂ ಆವಿ ಒಂದು ಲೇಸರ್ ಕಿರಣವನ್ನು ಹೀರಬೇಕೋ ಹಾಯಗೊಡಬೇಕೋ ಎಂಬುದನ್ನು ಇನ್ನೊಂದು ಕಿರಣದ ಧ್ರುವೀಕರಣದಿಂದ ನಿಯಂತ್ರಿಸುವುದು ನಮ್ಮ ಕೆಲಸ. ಕ್ವಾರ್ಟರ್-ವೇವ್ ಪ್ಲೇಟನ್ನು 45 ಡಿಗ್ರಿ ತಿರುಗಿಸಿದರೆ ರೇಖೀಯ ಧ್ರುವೀಕರಣ ವೃತ್ತೀಯವಾಗುತ್ತದೆ, ಪರಮಾಣುಗಳು ಶಕ್ತಿಯ ಬೇರೆ ಉಪಮಟ್ಟಗಳಲ್ಲಿ ನೆಲೆಸುತ್ತವೆ, ಆವಿಯ ಪಾರದರ್ಶಕತೆಯೇ ಬದಲಾಗುತ್ತದೆ. ಬೆಳಕಿನಿಂದಲೇ ಅನಿಲವನ್ನು ಪಾರದರ್ಶಕವಾಗಿಸಬಹುದೆಂದು 1991ರಲ್ಲಿ ಸ್ಟ್ಯಾನ್‌ಫೋರ್ಡ್ ವಿಜ್ಞಾನಿಗಳು ಸ್ಟ್ರಾನ್ಷಿಯಂ ಆವಿಯಲ್ಲಿ ತೋರಿಸಿಕೊಟ್ಟರು. ಅದೇ ತತ್ತ್ವದಿಂದ 1999ರಲ್ಲಿ ಲೀನಾ ಹೌ ಅವರ ತಂಡ ಅತಿಶೀತ ಸೋಡಿಯಂ ಅನಿಲದಲ್ಲಿ ಬೆಳಕಿನ ವೇಗವನ್ನು ಸೆಕೆಂಡಿಗೆ 17 ಮೀಟರಿಗೆ ಇಳಿಸಿತು.

ಈ ಕ್ಷೇತ್ರದ ಹೆಸರನ್ನು ವಾರ್ಷಿಕ ವರದಿಯಲ್ಲಿ ಮೆರೆಸುವ ಆಡಳಿತ, ಅದಕ್ಕೆ ಬೇಕಾದ ಕನಿಷ್ಠ ಸಲಕರಣೆಗಳ ಕಡತಗಳನ್ನು ಕೊಳೆಹಾಕಿದೆ. ಪಕ್ಕದ ಕೋಣೆಯ ಮೋಟಾರು ಚಾಲೂ ಆದೊಡನೆ ಕೋಶದ ಕಾಂತಕ್ಷೇತ್ರ ಕದಲಿ, ಆಸಿಲೋಸ್ಕೋಪಿನ ಪರದೆಯಲ್ಲಿ ಪಾರದರ್ಶಕತೆಯನ್ನು ತೋರುವ ಕಿರಿದಾದ ಶಿಖರ ಅಳಿಸಿಹೋಗುತ್ತದೆ. ಹೀಗೆ ಕೆಟ್ಟ ಅಳತೆಗಳನ್ನು ನಮ್ಮ ಪ್ರಗತಿ ವರದಿಯಲ್ಲಿ ನಮ್ಮದೇ ವೈಫಲ್ಯವೆಂದು ದಾಖಲಿಸಲಾಗಿದೆ.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು:

1. ರುಬಿಡಿಯಂ-87ರ ಉಪಮಟ್ಟಗಳನ್ನು ಪ್ರತಿ ಗಾಸ್‌ಗೆ ಸುಮಾರು 0.7 ಮೆಗಾಹರ್ಟ್ಸ್‌ನಷ್ಟು ಸರಿಸುವ ಹೊರಗಿನ ಕಾಂತಕ್ಷೇತ್ರವನ್ನು ತಡೆಯಲು ಪ್ರತಿ ಆವಿಕೋಶಕ್ಕೂ ಮ್ಯೂ-ಮೆಟಲ್ ಕವಚ ಒದಗಿಸಬೇಕು.

2. 780 ಮತ್ತು 795 ನ್ಯಾನೋಮೀಟರ್ ತರಂಗಾಂತರಗಳಿಗೆ ಹೊಂದುವ ವೇವ್ ಪ್ಲೇಟು ಮತ್ತು ಧ್ರುವೀಕಾರಕಗಳು ಪ್ರತಿ ಮೇಜಿಗೂ ಪ್ರತ್ಯೇಕವಾಗಿ ಸಿಗಬೇಕು.

3. ಈ ತರಂಗಾಂತರಗಳ ಲೇಸರ್ ಬೆಳಕು ಕಣ್ಣಿಗೆ ಬಹುತೇಕ ಕಾಣದಿದ್ದರೂ ಅಕ್ಷಿಪಟಲವನ್ನು ಸುಡಬಲ್ಲುದಾದ್ದರಿಂದ, ಸ್ವಚ್ಛತಾ ಸಿಬ್ಬಂದಿಯೂ ಸೇರಿ ಒಳಬರುವ ಎಲ್ಲರಿಗೂ ಸೂಕ್ತ ರಕ್ಷಣಾ ಕನ್ನಡಕ ಕೊಡಬೇಕು.

4. ಲೇಸರ್ ಸುರಕ್ಷತೆಯ ಎಚ್ಚರಿಕೆ ಫಲಕಗಳು ಮತ್ತು ತರಬೇತಿ ಕನ್ನಡದಲ್ಲೂ ಇರಬೇಕು.

5. ಉಷ್ಣತೆ ಏರಿಳಿದಂತೆ ಆವಿಯ ಸಾಂದ್ರತೆಯೂ ಏರಿಳಿಯುವುದರಿಂದ, ಪ್ರಯೋಗಾಲಯಕ್ಕೆ ದಿನದ 24 ಗಂಟೆಯೂ ಹವಾನಿಯಂತ್ರಣ ಮತ್ತು ಯುಪಿಎಸ್ ವ್ಯವಸ್ಥೆ ಇರಬೇಕು.

6. ಖರೀದಿಯ ಪ್ರತಿ ಕಡತವನ್ನೂ 30 ದಿನಗಳೊಳಗೆ ಇತ್ಯರ್ಥಪಡಿಸಿ, ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು.

7. ಬಾಕಿ ಉಳಿದ ಫೆಲೋಶಿಪ್ಪನ್ನು ಒಂದೇ ಕಂತಿನಲ್ಲಿ ಪಾವತಿಸಿ, ಮುಂದೆ ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಜಮಾ ಮಾಡಬೇಕು.

8. ಸಲಕರಣೆಯ ಕೊರತೆಯಿಂದ ನಷ್ಟವಾದ ಅವಧಿಯಷ್ಟೇ ಪಿಎಚ್‌.ಡಿ. ಗಡುವನ್ನು ಫೆಲೋಶಿಪ್ ಸಹಿತ ವಿಸ್ತರಿಸಬೇಕು.

9. ಪ್ರಗತಿ ವರದಿಗಳಲ್ಲಿ ನಮ್ಮ ಮೇಲೆ ಹೊರಿಸಿದ ವೈಫಲ್ಯದ ಷರಾಗಳನ್ನು ತೆಗೆದುಹಾಕಬೇಕು.

10. ಈ ಪತ್ರದ ಪ್ರತಿ ಅಂಶಕ್ಕೂ ಹೊಣೆಗಾರ ಅಧಿಕಾರಿಯ ಹೆಸರು ಮತ್ತು ಗಡುವನ್ನು ನಮೂದಿಸಿ 15 ದಿನಗಳೊಳಗೆ ಲಿಖಿತ ಉತ್ತರ ನೀಡಬೇಕು.