ಬಿಲ್ಲೆಯ ಬೆಲೆ

ಮನುಷ್ಯನಿಗೆ ಅನ್ನದ ಹಸಿವು ಒಂದಾದರೆ ಮನ್ನಣೆಯ ಹಸಿವು ಇನ್ನೊಂದು. ಮೊದಲನೆಯದು ಉಂಡರೆ ಅಡಗುತ್ತದೆ. ಎರಡನೆಯದು ಉಂಡಷ್ಟೂ ಹೆಚ್ಚುತ್ತದೆ. ಈ ಮಾತನ್ನು ನಾನು ಯಾವ ಗ್ರಂಥದಿಂದಲೂ ಕಲಿಯಲಿಲ್ಲ. ನನ್ನ ಮೊಬೈಲಿನಲ್ಲಿದ್ದ ಒಂದು ಬಿಲ್ಲೆಯಿಂದ ಕಲಿತೆ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಹನ್ನೆರಡು ಮಂದಿ ಗೆಳೆಯರು ಸೇರಿ ಬಿ.ಜಿ.ಎಂ.ಐ. ಆಟಕ್ಕೆಂದು ಒಂದು ಕ್ಲ್ಯಾನ್ ಕಟ್ಟಿದ್ದೆವು. ಆಟದವರು ಕೊಡುವ ಕಂಚು, ಬೆಳ್ಳಿ, ಚಿನ್ನದ ದರ್ಜೆಗಳು ನಮಗೆ ಸಾಲಲಿಲ್ಲ. ನಮ್ಮ ನಾಯಕನು ಸೈನ್ಯದ ಮಾದರಿಯಲ್ಲಿಯೇ ಪಟ್ಟಿ, ನಕ್ಷತ್ರಗಳ ಬಿಲ್ಲೆಗಳನ್ನು ರಚಿಸಿ, ಒಬ್ಬನನ್ನು ಹವಾಲ್ದಾರನನ್ನಾಗಿಯೂ ಇನ್ನೊಬ್ಬನನ್ನು ಕ್ಯಾಪ್ಟನ್ನನನ್ನಾಗಿಯೂ ಮಾಡಿದನು. ನಾನು ಮೇಜರ್ ಆದೆ! ರಾತ್ರಿ ಎರಡು ಗಂಟೆಯವರೆಗೆ ನಿದ್ದೆಗೆಟ್ಟುದಕ್ಕೆ ಆ ಪದವಿ. ಅದೇ ವರ್ಷ ಕಾಲೇಜಿನ ಎನ್.ಸಿ.ಸಿ.ಯಲ್ಲಿಯೂ ಇದ್ದೆ. ಬೆಳಗಿನ ಕವಾಯತಿಗೆ ಏಳಲಾರದೆ, ಹಾಜರಾತಿ ಸಾಲದೆ, 'ಬಿ' ಸರ್ಟಿಫಿಕೇಟ್ ಪರೀಕ್ಷೆ ಕೈತಪ್ಪಿತು. ಮೊಬೈಲಿನಲ್ಲಿ ಮೇಜರ್, ಮೈದಾನದಲ್ಲಿ ಗೈರುಹಾಜರ್!

ಹಾಗೆಂದು ಆಟವನ್ನೇ ಹಳಿಯುವ ಹಿರಿಯರ ಪಕ್ಷಕ್ಕೆ ನಾನು ಸೇರಲಾರೆ. ಮಳವಳ್ಳಿಯ ಗೆಳೆಯನೊಬ್ಬನ ತಾಯಿಗೆ ಮಂಡ್ಯದ ಆಸ್ಪತ್ರೆಯಲ್ಲಿ ರಕ್ತ ಬೇಕಾದಾಗ ಮೊದಲು ಓಡಿಬಂದವರು ಈ ಕ್ಲ್ಯಾನಿನವರೇ. ಆದರೆ ಅಂದು ರಕ್ತ ಹೊಂದಿದ್ದು ಒಬ್ಬನದು ಮಾತ್ರ. ಅವನು ಆಟದಲ್ಲಿ ಸದಾ ಸೋಲುವ, ಯಾವ ಪದವಿಯೂ ಇಲ್ಲದ ಹುಡುಗ. ಅವನಿಗೊಂದು ಬಿಲ್ಲೆ ಕೊಡಬೇಕೆಂದು ನಮ್ಮಲ್ಲಿ ಒಬ್ಬನಿಗೂ ತೋಚಲಿಲ್ಲ. ನನಗೆ ನಾಚಿಕೆಯಾದುದು ಅಲ್ಲಿ.

ಬಿಲ್ಲೆಯೆಂದರೆ ಏನು? ಒಬ್ಬನು ತೆತ್ತ ಬೆಲೆಗೆ ನಾಡು ಬರೆದುಕೊಡುವ ರಸೀತಿ. 1950ರ ಜನವರಿ 26ರಂದು ಸ್ಥಾಪಿತವಾದ ಪರಮವೀರ ಚಕ್ರವನ್ನು ಈವರೆಗೆ ಪಡೆದವರು 21 ಮಂದಿ. ಅವರಲ್ಲಿ 14 ಮಂದಿಗೆ ಅದು ಸಂದದ್ದು ಮರಣೋತ್ತರವಾಗಿ. ಅಷ್ಟು ದೂರವೇಕೆ? ನಮ್ಮ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಯೋಧ ಗುರು ಅವರು 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಪ್ರಾಣ ತೆತ್ತರು. 1938ರ ಏಪ್ರಿಲ್‌ನಲ್ಲಿ ನಿಷೇಧವನ್ನು ಮೀರಿ ಶಿವಪುರದಲ್ಲಿ ಧ್ವಜವೆತ್ತಿದವರು ಯಾವ ಬಿಲ್ಲೆಯನ್ನು ಬಯಸಿ ಹೋಗಿದ್ದರು? ಆಟದ ಪದವಿಯಾದರೋ ಋತು ಮುಗಿದೊಡನೆ ಕೆಳಗಿಳಿಯುತ್ತದೆ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿಯನ್ನು ನಿಷೇಧಿಸಿದಾಗ, ಒಂದೇ ಸರ್ಕಾರಿ ಆಜ್ಞೆಗೆ ಅದರ ಸೇನಾಧಿಪತಿಗಳೆಲ್ಲರೂ ಪದಚ್ಯುತರಾದರು!

ಆದುದರಿಂದ ನನ್ನ ಅಭಿಪ್ರಾಯವಿಷ್ಟೆ: ಆಡೋಣ, ಕೂಡಿ ನಗೋಣ, ಆದರೆ ಸೈನಿಕನ ಬಿಲ್ಲೆಯನ್ನು ಎರವಲು ತರುವುದು ಬೇಡ. ಕೊಡಲೇಬೇಕೆಂದಿದ್ದರೆ ಬೇರೆ ಹೆಸರಿನ ಬಿಲ್ಲೆಯನ್ನು ಮಾಡಿ, ರಕ್ತ ಕೊಟ್ಟವನಿಗೆ ಮೊದಲು ಕೊಡೋಣ.

ನನ್ನ ಹೆಸರಿನ ಮುಂದಿನ 'ಮೇಜರ್' ಅನ್ನು ಅಳಿಸೆಂದು ನಾಯಕನಿಗೆ ಹೇಳಿದೆ. ನಾನು ಮುನಿಸಿಕೊಂಡೆನೆಂದು ಅವನು ಬಗೆದನು. ಈಗ ಬೆಳಗಿನ ಮೈದಾನದಲ್ಲಿ ಕೊನೆಯ ಸಾಲಿನಲ್ಲಿ ನಿಲ್ಲುತ್ತೇನೆ. ನನ್ನ ತೋಳಿನ ಮೇಲೆ ಒಂದು ಪಟ್ಟಿಯೂ ಇಲ್ಲ. ಆದರೆ ಹೆಸರು ಕೂಗಿದಾಗ ಉತ್ತರ ಕೊಡಲು ನಾನಿರುತ್ತೇನೆ.