ಮನೆಯ ಮಾತು: ಬಿದ್ದವರು ಮತ್ತೆ ಕುದುರೆ ಏರುವುದು

ಕುದುರೆ ಏರುವವನು ಬೀಳದೆ ರಾಗಿ ಬೀಸುವ ಮುದುಕಿ ಬೀಳುವಳೆ ಎಂದು ನಮ್ಮ ಹಿರಿಯರು ಹೇಳುವುದುಂಟು. ಏರಿದವನು ಬೀಳುವುದು ಸಹಜ, ಅದರಲ್ಲಿ ನಾಚಿಕೆಯೇನೂ ಇಲ್ಲ ಎಂಬುದು ಆ ಮಾತಿನ ತಾತ್ಪರ್ಯ. ಆದರೆ ಬಿದ್ದವನು ಮತ್ತೆ ಯಾವಾಗ ಏರಬೇಕು, ಹೇಗೆ ಏರಬೇಕು, ಏರಲೇಬೇಕೆ ಎಂಬುದನ್ನು ಗಾದೆಯು ಹೇಳದು. ಅದನ್ನು ಹೇಳಬೇಕಾದವರು ಮನೆಯವರು. ಮನೆಯವರಿಗಾದರೋ ಆ ಹೊತ್ತಿನಲ್ಲಿ ಮಾತೇ ಹೊರಡದು. ಹೊರಟರೂ ಕೋಪವಾಗಿ ಹೊರಡುವುದು.

ಈ ಪುಟದಲ್ಲಿ ಅಡಿಗೆ, ಆರೋಗ್ಯ, ಮಕ್ಕಳ ವಿದ್ಯಾಭ್ಯಾಸ ಮೊದಲಾದ ವಿಷಯಗಳನ್ನು ನೋಡಿ ರೂಢಿಯಾಗಿರುವ ವಾಚಕರು, ಕುದುರೆಗೆ ಇಲ್ಲೇನು ಕೆಲಸವೆಂದು ಕೇಳಬಹುದು. ಒಂದು ಕಾಲದಲ್ಲಿ ಅರಸರಿಗೂ ದಂಡಿನವರಿಗೂ ಮೀಸಲಾಗಿದ್ದ ಸವಾರಿಯು ಈಗ ಪಟ್ಟಣದ ಸಂಸಾರಸ್ಥರ ಮಕ್ಕಳು ಕಲಿಯುವ ವಿದ್ಯೆಯೂ ಆಗಿದೆ. ಬೆಂಗಳೂರಿನ ಫವಾದ್ ಮಿರ್ಜಾ ಅವರು 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ತಮಗೊಂದು, ತಂಡಕ್ಕೊಂದು ಬೆಳ್ಳಿಯ ಪದಕವನ್ನು ಗಳಿಸಿದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ 23ನೆಯವರಾಗಿ ನಿಂತರು. ಇಂತಹವರನ್ನು ಕಂಡ ಹುಡುಗ ಹುಡುಗಿಯರು ತಾವೂ ಏರಬೇಕೆಂದು ಹಂಬಲಿಸುವುದರಲ್ಲಿ ಆಶ್ಚರ್ಯವಿಲ್ಲ. ಹಾಗೆ ಏರಿದ ಮಗು ಒಂದು ದಿನ ಬೀಳುವುದು. ಆಗ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಒಂದು ಪಕ್ಷದವರು, ಒಡನೆಯೆ ಮತ್ತೆ ಏರಿಸದಿದ್ದರೆ ಭಯವು ಮನಸ್ಸಿನಲ್ಲಿ ಮನೆ ಮಾಡಿಕೊಳ್ಳುವುದು ಎನ್ನುವರು. ಇನ್ನೊಂದು ಪಕ್ಷದವರು, ಇನ್ನು ಲಾಯದ ಕಡೆ ತಲೆ ಹಾಕಿಯೂ ಮಲಗಬಾರದು ಎನ್ನುವರು. ಇಬ್ಬರೂ ಮಗುವಿನ ಹಿತವನ್ನೇ ಬಯಸುವವರು. ಆದರೆ ಎರಡು ಉಪದೇಶಗಳೂ ಅವಸರದವು.

ಒಡನೆಯೆ ಏರಬೇಕೆನ್ನುವವರಿಗೆ ಆಧಾರವಾಗಿ ಕೆಲವು ದೊಡ್ಡ ಕಥೆಗಳಿವೆ. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಜರ್ಮನಿಯ ಸೇನಾಧಿಕಾರಿ ಕೊನ್ರಾಡ್ ಫಾನ್ ವಾಂಗೆನ್‌ಹೈಮ್ ಅವರು ಬಯಲಿನ ಓಟದಲ್ಲಿ ಬಿದ್ದು ಕೊರಳೆಲುಬನ್ನು ಮುರಿದುಕೊಂಡರು. ಆದರೂ ಮತ್ತೆ ಏರಿ ಓಟವನ್ನು ಮುಗಿಸಿ, ಮರುದಿನ ತೋಳನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ತಡೆಗಳನ್ನು ಹಾರಿಸಲು ಬಂದರು. ಅಲ್ಲಿ ಕುದುರೆಯೊಡನೆ ಇನ್ನೊಮ್ಮೆ ಉರುಳಿ, ಇನ್ನೊಮ್ಮೆ ಏರಿದರು. 1960ರಲ್ಲಿ ರೋಮಿನಲ್ಲಿ ಆಸ್ಟ್ರೇಲಿಯದ ಬಿಲ್ ರಾಯ್‌ಕ್ರಾಫ್ಟ್ ಅವರು 45ನೆಯ ವಯಸ್ಸಿನಲ್ಲಿ ಹಾಗೆಯೇ ಬಿದ್ದು, ಎಲುಬು ಮುರಿದು, ತಲೆಗೆ ಪೆಟ್ಟಾಗಿದ್ದರೂ ಆಸ್ಪತ್ರೆಯಿಂದೆದ್ದು ಬಂದು ಮರುದಿನ ಸವಾರಿ ಮಾಡಿದರು. ಎರಡು ತಂಡಗಳಿಗೂ ಚಿನ್ನದ ಪದಕ ದೊರೆಯಿತು.

ಈ ಕಥೆಗಳು ಸತ್ಯವಾದವು. ಆ ಧೈರ್ಯವೂ ದೊಡ್ಡದು. ಆದರೆ ಅವರು ಹಿಂದೆ ಸರಿದಿದ್ದರೆ ತಂಡವೇ ಹೊರಬೀಳುತ್ತಿತ್ತೆಂಬುದನ್ನು ಮರೆಯಬಾರದು. ನಮ್ಮ ಮಗುವಿನ ಸವಾರಿಯಲ್ಲಿ ಯಾವ ದೇಶದ ಪದಕವೂ ತೂಗಾಡುತ್ತಿಲ್ಲ. ಅದೂ ಅಲ್ಲದೆ ಕಾಲವು ಬದಲಾಗಿದೆ. ಈಗಿನ ಅಂತರರಾಷ್ಟ್ರೀಯ ನಿಯಮದಂತೆ ಬಯಲಿನ ಓಟದಲ್ಲಾಗಲಿ ತಡೆ ಹಾರಿಸುವಲ್ಲಾಗಲಿ ಸವಾರನು ಬಿದ್ದರೆ ಅವನ ಸ್ಪರ್ಧೆ ಅಲ್ಲಿಗೇ ಮುಗಿಯುವುದು. ವೈದ್ಯರು ಪರೀಕ್ಷಿಸುವವರೆಗೆ ಬೇರೆ ಕುದುರೆಯನ್ನೂ ಏರುವಂತಿಲ್ಲ. ಲೋಕದ ಅತ್ಯಂತ ನುರಿತ ಸವಾರರಿಗೇ ಈ ಕಟ್ಟಳೆಯಿರುವಾಗ, ಹೊಸದಾಗಿ ಕಲಿಯುವವರನ್ನು ಬಿದ್ದ ಕ್ಷಣದಲ್ಲಿಯೆ ಎತ್ತಿ ಜೀನಿನ ಮೇಲೆ ಕೂರಿಸುವುದು ಯಾವ ವಿವೇಕ?

ಮೊದಲು ನೋಡತಕ್ಕದ್ದು ತಲೆಯನ್ನು. ಐದು ಅಡಿ ಎತ್ತರದ ಕುದುರೆಯ ಮೇಲೆ ಕುಳಿತವನ ತಲೆಯು ನೆಲದಿಂದ ಏಳೆಂಟು ಅಡಿ ಮೇಲಿರುವುದು. ಓಟದ ವೇಗವು ಅದಕ್ಕೆ ಸೇರುವುದು. ಬಿದ್ದವರಿಗೆ ಕ್ಷಣಮಾತ್ರ ಪ್ರಜ್ಞೆ ತಪ್ಪಿದ್ದರೂ, ವಾಂತಿಯಾದರೂ, ತಲೆನೋವು ಹೆಚ್ಚುತ್ತ ಬಂದರೂ, ಮಾತು ತೊದಲಿದರೂ, ಹೊತ್ತಲ್ಲದ ಹೊತ್ತಿನಲ್ಲಿ ಮಂಪರು ಕವಿದರೂ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮಿದುಳು ಅಲುಗಿದಾಗ ಹೊರಗೆ ಗಾಯವೇ ಕಾಣದಿರಬಹುದು. ಮೊದಲ ಒಂದೆರಡು ದಿನ ವಿಶ್ರಾಂತಿ; ಆಮೇಲೆ ಮೆಲ್ಲಮೆಲ್ಲನೆ ದಿನದ ಕೆಲಸಗಳು; ತಲೆನೋವು, ತಲೆಸುತ್ತುಗಳೆಲ್ಲ ಹೋಗಿ ವೈದ್ಯರು ಒಪ್ಪಿದ ಮೇಲೆಯೇ ಸವಾರಿ. ಮೊದಲ ಪೆಟ್ಟು ಮಾಯುವುದಕ್ಕೆ ಮುಂಚೆ ಎರಡನೆಯದು ಬಿದ್ದರೆ ಅಪಾಯವು ಬಹಳ. ತಲೆಗೆ ಹಾಕಿಕೊಂಡಿದ್ದ ಹೆಲ್ಮೆಟ್ ಹೊರಗೆ ಚೊಕ್ಕಟವಾಗಿದ್ದರೂ, ಒಳಗಿನ ಮೆತ್ತೆಯು ಪೆಟ್ಟನ್ನು ನುಂಗಿ ತಾನು ಕುಗ್ಗಿರುವುದು. ಅದನ್ನು ಬಿಸುಟು ಹೊಸದನ್ನು ಕೊಳ್ಳಬೇಕು. ಅಲ್ಲಿ ಮಾಡುವ ಉಳಿತಾಯವು ಉಳಿತಾಯವಲ್ಲ.

ಎಲುಬಿನ ಮಾತು ಬೇರೆ. ಕೈಚಾಚಿ ಬಿದ್ದವರಿಗೆ ಮಣಿಕಟ್ಟು, ಕೊರಳೆಲುಬುಗಳು ಮುರಿಯುವುದು ಸಾಮಾನ್ಯ. ಪ್ರಾಯದವರ ಕೊರಳೆಲುಬು ಕೂಡಿಕೊಳ್ಳಲು 6ರಿಂದ 12 ವಾರಗಳು ಹಿಡಿಯುತ್ತವೆ. ಮಕ್ಕಳಿಗೆ ಇನ್ನೂ ಬೇಗ. ಆದರೆ ಎಲುಬು ಕೂಡಿತೆಂದ ಮಾತ್ರಕ್ಕೆ ದೇಹವು ಸಿದ್ಧವಾಯಿತೆಂದಲ್ಲ. ಕಟ್ಟಿನಲ್ಲಿದ್ದ ಅಂಗದ ಮಾಂಸಖಂಡಗಳು ಸೊರಗಿರುತ್ತವೆ. ದೇಹದ ಎರಡು ಪಕ್ಕಗಳ ಸಮತೂಕ ತಪ್ಪಿರುತ್ತದೆ. ಸವಾರಿಯೆಂಬುದು ಸಮತೂಕದ ವಿದ್ಯೆಯಾದುದರಿಂದ, ನಡಿಗೆಯಿಂದಲೂ ವೈದ್ಯರು ಹೇಳಿದ ಅಂಗಸಾಧನೆಯಿಂದಲೂ ಮೊದಲು ನೆಲದ ಮೇಲೆ ಬಲವನ್ನು ಕೂಡಿಸಿಕೊಳ್ಳಬೇಕು.

ಈ ವಿರಾಮದ ಕಾಲದಲ್ಲಿ ಮಾಡಬೇಕಾದ ಇನ್ನೊಂದು ಕೆಲಸವುಂಟು: ಬಿದ್ದುದೇಕೆಂದು ವಿಚಾರಿಸುವುದು. ಕುದುರೆಯು ಬೇಟೆಗೆ ಗುರಿಯಾಗುತ್ತ ಬಂದ ಪ್ರಾಣಿ. ಓಡಿ ಬದುಕುವುದು ಅದರ ಹುಟ್ಟುಗುಣ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಲ ನೋಟವೆಲ್ಲ ಅದಕ್ಕೆ ಕಾಣುವುದಾದರೂ, ಮೂಗಿನ ನೇರ ಮುಂದೆಯೂ ಬೆನ್ನ ನೇರ ಹಿಂದೆಯೂ ಇರುವುದು ಕಾಣದು. ಅಲ್ಲಿಂದ ಏನಾದರೂ ಹಠಾತ್ತಾಗಿ ಹೊರಟರೆ ಅದು ಬೆಚ್ಚುವುದು. ಜೀನು ಸರಿಯಾಗಿ ಕೂಡದೆ ಬೆನ್ನು ನೋಯುತ್ತಿದ್ದಿರಬಹುದು, ಕಡಿವಾಣವು ಹಲ್ಲಿಗೆ ತಾಕುತ್ತಿದ್ದಿರಬಹುದು, ಕಲಿಯುವವರ ಶಕ್ತಿಗೆ ಮೀರಿದ ಕುದುರೆಯನ್ನು ಕೊಟ್ಟಿದ್ದಿರಬಹುದು. ಕಾರಣವು ತಿಳಿದರೆ ಪರಿಹಾರವುಂಟು; ಮೇಲಾಗಿ, ಕುದುರೆಯು ತನಗೆ ದ್ರೋಹ ಮಾಡಿತೆಂಬ ಕಹಿಯು ಬಿದ್ದವರ ಮನಸ್ಸಿನಿಂದ ಹೋಗುವುದು.

ಇಷ್ಟೆಲ್ಲ ಆದಮೇಲೆಯೂ ಉಳಿಯುವುದು ಭಯ. ಎಲುಬಿಗೆ ವಾರಗಳ ಲೆಕ್ಕವುಂಟು, ಭಯಕ್ಕೆ ಅದಿಲ್ಲ. ಬಾಯಿ ಸುಟ್ಟುಕೊಂಡ ಬೆಕ್ಕು ತಣ್ಣಗಿನ ಹಾಲನ್ನು ಕಂಡರೂ ಓಡುವಂತೆ, ಹಿಂದೆ ನಕ್ಕು ನಲಿಯುತ್ತ ಏರುತ್ತಿದ್ದವರು ಜೀನನ್ನು ಕಂಡೊಡನೆ ಬೆವರುವರು. ಇದನ್ನು ಹೇಡಿತನವೆಂದು ಹಳಿಯುವುದು ತಪ್ಪು. ನೆಲವು ಎಷ್ಟು ಗಟ್ಟಿಯೆಂಬುದನ್ನು ದೇಹವು ಕಲಿತಿದೆ. ಆ ಪಾಠವನ್ನು ಬೈದು ಅಳಿಸಲಾಗದು. ಆದರೆ ಭಯವನ್ನು ಮುಚ್ಚಿಟ್ಟುಕೊಂಡು ಏರುವುದೂ ಆಗದ ಮಾತು. ಏಕೆಂದರೆ ಅದನ್ನು ಮನೆಯವರಿಂದ ಮರೆಸಬಹುದು, ಕುದುರೆಯಿಂದ ಮರೆಸಲಾಗದು.

ಸ್ವೀಡನ್ ದೇಶದ ವಿದ್ವಾಂಸರು ಮಾಡಿ 2009ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯು ಇದನ್ನು ಚೆನ್ನಾಗಿ ತೋರಿಸಿಕೊಟ್ಟಿದೆ. ಕುದುರೆಯನ್ನು ಏರಿಯೋ ಕೈಯಲ್ಲಿ ಹಿಡಿದೋ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಾಲ್ಕು ಸಲ ಹೋಗುವಂತೆ ಜನರಿಗೆ ಹೇಳಿದರು. ನಾಲ್ಕನೆಯ ಸಲ ಪಕ್ಕದಲ್ಲಿ ನಿಂತವರು ಕೊಡೆಯನ್ನು ಬಿಚ್ಚುವರೆಂದು ತಿಳಿಸಿದರು. ವಾಸ್ತವವಾಗಿ ಕೊಡೆಯನ್ನು ಬಿಚ್ಚಲೇ ಇಲ್ಲ. ಆದರೂ ಆ ಸಲ ಜನರ ಎದೆಬಡಿತವು ಏರಿತು. ಕೊಡೆಯ ಸಂಗತಿಯೇ ಅರಿಯದ ಕುದುರೆಗಳ ಎದೆಬಡಿತವೂ ಏರಿತು! ಹೆದರಿದ ಸವಾರನು ತಿಳಿಯದೆಯೇ ಮುಂದಕ್ಕೆ ಬಾಗುವನು, ತೊಡೆಗಳಿಂದ ಬಿಗಿಯುವನು, ಲಗಾಮನ್ನು ಜಗ್ಗುವನು, ಉಸಿರನ್ನು ಕಟ್ಟುವನು. ಕುದುರೆಗೆ ಇವೆಲ್ಲ ಅಪಾಯದ ಸನ್ನೆಗಳು, ಅದು ಚುರುಕಾಗುವುದು. ಅದು ಚುರುಕಾದೊಡನೆ ಸವಾರನು ಇನ್ನೂ ಬಿಗಿಯುವನು. ಹೀಗೆ ಭಯವು ತಾನು ಹೆದರಿದುದನ್ನೇ ತಾನಾಗಿ ಕರೆತರುವುದು.

ಆದಕಾರಣ ಮರಳುವ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಬೇಕು. ಮೊದಲ ಕೆಲವು ದಿನ ಲಾಯಕ್ಕೆ ಹೋಗಿ ಕುದುರೆಯ ಮೈ ಉಜ್ಜುವುದು, ಹುಲ್ಲು ಹಾಕುವುದು, ಕೈಯಲ್ಲಿ ಹಿಡಿದು ನಡೆಯಿಸುವುದು, ಇಷ್ಟೇ ಸಾಕು. ಆಮೇಲೆ ಮೆಟ್ಟುಗಲ್ಲಿನಿಂದ ಏರಿ, ನಿಂತ ಕುದುರೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ಇಳಿಯುವುದು. ಆಮೇಲೆ ಗುರುವು ಉದ್ದದ ಹಗ್ಗದಲ್ಲಿ ಕುದುರೆಯನ್ನು ಹಿಡಿದು ತನ್ನ ಸುತ್ತ ನಡೆಯಿಸುವಾಗ, ಲಗಾಮಿನ ಚಿಂತೆಯಿಲ್ಲದೆ ಕುಳಿತುಕೊಳ್ಳುವುದು. ನಡಿಗೆಯು ಬೇಸರ ತರುವಷ್ಟು ಸುಲಭವಾದಾಗ ಕುಕ್ಕುಲೋಟ. ಅದೂ ಹಾಗೆಯೇ ಆದಾಗ ದೌಡು. ಕುದುರೆಯು ವಯಸ್ಸಾದ, ಸಾಧುವಾದ ಕುದುರೆಯಾಗಿರಲಿ. ನೋಟವು ದೂರದಲ್ಲಿರಲಿ, ಹಿಮ್ಮಡಿ ಕೆಳಗಿರಲಿ, ಉಸಿರನ್ನು ನಿಡಿದಾಗಿ ಬಿಡಲಿ. ಮಾತಾಡುತ್ತಲೋ ಹಾಡುತ್ತಲೋ ಇರುವವರು ಉಸಿರು ಕಟ್ಟಲಾರರು. ಇನ್ನೂ ಸ್ವಲ್ಪ ಬೇಕೆನಿಸುವಾಗಲೇ ಇಳಿಯುವುದು ಮೇಲು. ಒಂದು ಮೆಟ್ಟಿಲಿನಲ್ಲಿ ಎದೆ ನಡುಗಿದರೆ ಒಂದು ಮೆಟ್ಟಿಲು ಕೆಳಗಿಳಿದರಾಯಿತು, ಅದು ಸೋಲಲ್ಲ.

ತಾಳ್ಮೆಯ ದಾರಿ ಎಷ್ಟು ದೂರ ಒಯ್ಯಬಲ್ಲುದೆಂಬುದಕ್ಕೆ ಇಂಗ್ಲೆಂಡಿನ ಲಾರಾ ಕೋಲೆಟ್ ಅವರು ಸಾಕ್ಷಿ. 2013ರ ಜುಲೈಯಲ್ಲಿ ಒಂದು ಸ್ಪರ್ಧೆಯಲ್ಲಿ ಕುದುರೆಯು ಅವರ ಮೇಲೆಯೇ ಉರುಳಿತು. ಹೆಗಲು, ಪಕ್ಕೆಲುಬುಗಳು ಮುರಿದವು. ಶ್ವಾಸಕೋಶಕ್ಕೂ ಯಕೃತ್ತಿಗೂ ಗಾಯವಾಯಿತು. ವೈದ್ಯರು ಅವರನ್ನು ಆರು ದಿನ ಔಷಧದ ನಿದ್ರೆಯಲ್ಲಿಟ್ಟಿದ್ದರು. ಎಚ್ಚೆತ್ತು ನೋಡಿದರೆ ಬಲಗಣ್ಣಿನ ದೃಷ್ಟಿಯು ಹೋಗಿತ್ತು. ಒಂದೇ ಕಣ್ಣಿನವರಿಗೆ ದೂರ ಹತ್ತಿರಗಳ ಅಂದಾಜು ಕಷ್ಟ. ತಡೆ ಹಾರಿಸುವ ವಿದ್ಯೆಗೆ ಆ ಅಂದಾಜೇ ಜೀವಾಳ. ಅವರು ಅದನ್ನು ಹೊಸದಾಗಿ ಕಲಿತುಕೊಂಡರು. ಟೋಕಿಯೋದಲ್ಲಿ ತಂಡದ ಚಿನ್ನದ ಪದಕವು ಕೈಸೇರಿದಾಗ 2021. ನಡುವೆ ಎಂಟು ವರ್ಷಗಳು ಕಳೆದಿದ್ದವು. 2022ರಲ್ಲಿ ಬ್ಯಾಡ್ಮಿಂಟನ್ ಎಂಬಲ್ಲಿ ನಡೆಯುವ ಹೆಸರಾಂತ ಸ್ಪರ್ಧೆಯನ್ನು ಗೆದ್ದರು. 2024ರಲ್ಲಿ ಪ್ಯಾರಿಸಿನಲ್ಲಿ ಮತ್ತೆ ತಂಡದ ಚಿನ್ನ, ತಮಗೊಂದು ಕಂಚು. ಪದಕಗಳನ್ನು ಲೋಕವು ನೋಡಿತು. ನಡುವಣ ವರ್ಷಗಳನ್ನು ಮನೆಯವರೇ ಬಲ್ಲರು.

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲವೆಂಬುದನ್ನು ಮರೆಮಾಚಲಾಗದು. ಅಮೆರಿಕದ ಚಲಚ್ಚಿತ್ರ ನಟ ಕ್ರಿಸ್ಟೋಫರ್ ರೀವ್ ಅವರು 1995ರಲ್ಲಿ ತಡೆಯ ಮುಂದೆ ಕುದುರೆಯು ತಟ್ಟನೆ ನಿಂತುದರಿಂದ ತಲೆಕೆಳಗಾಗಿ ಬಿದ್ದರು. ಹೆಲ್ಮೆಟ್ ಇದ್ದರೂ ಕತ್ತಿನ ಎಲುಬುಗಳು ಮುರಿದು, 2004ರಲ್ಲಿ ತೀರಿಕೊಳ್ಳುವವರೆಗೂ ಕತ್ತಿನ ಕೆಳಗಿನ ದೇಹವು ಅವರ ಸ್ವಾಧೀನಕ್ಕೆ ಪೂರ್ತಿಯಾಗಿ ಬರಲಿಲ್ಲ. ಆದುದರಿಂದ ಬೇಡವೆನ್ನುವ ತಾಯಿಯ ಭಯವೂ ಹುಸಿಯಲ್ಲ. ಅದಕ್ಕೆ ನಗುವವರು ಸವಾರಿಯನ್ನು ಅರಿತವರಲ್ಲ. ಮತ್ತೆ ಏರದಿರಲು ನಿಶ್ಚಯಿಸಿದವರೂ ಗೌರವಕ್ಕೆ ಪಾತ್ರರೇ, ಆ ನಿಶ್ಚಯವು ಅವರದೇ ಆಗಿದ್ದ ಪಕ್ಷದಲ್ಲಿ.

ಏರುವುದು, ಬಿಡುವುದು ಇವೆರಡರ ನಡುವೆ ಇನ್ನೊಂದು ದಾರಿಯೂ ಉಂಟು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರು ಕೆಡೆದುದು ಕುದುರೆಯಿಂದಲ್ಲ, ರೋಗದಿಂದ. 1944ರಲ್ಲಿ, ಗರ್ಭಿಣಿಯಾಗಿದ್ದಾಗ ಪೋಲಿಯೋ ತಗುಲಿ ಮೊಣಕಾಲಿನ ಕೆಳಗೆ ಶಕ್ತಿಯೇ ಇಲ್ಲದಂತಾಯಿತು. ಕುದುರೆಯ ಮೇಲೆ ಕೂರಿಸಲೂ ಇಳಿಸಲೂ ಇನ್ನೊಬ್ಬರು ಬೇಕಾಗಿತ್ತು. ಆದರೂ ಕುದುರೆಯನ್ನು ಲಯಬದ್ಧವಾಗಿ ನಡೆಯಿಸುವ ಡ್ರೆಸಾಜ್ ಎಂಬ ಸವಾರಿಯಲ್ಲಿ 1952ರಲ್ಲಿಯೂ 1956ರಲ್ಲಿಯೂ ಒಲಿಂಪಿಕ್ಸಿನ ಬೆಳ್ಳಿಯ ಪದಕವನ್ನು ಪಡೆದರು. ಬಿದ್ದವರು ತಡೆಗಳನ್ನೇ ಹಾರಿಸಬೇಕೆಂದು ನಿಯಮವೇನು? ನಡಿಗೆಯ ಸವಾರಿಯೂ ಸವಾರಿಯೇ. ಲಾಯದಲ್ಲಿ ಕುದುರೆಯ ಆರೈಕೆ ಮಾಡುವುದೂ ಕುದುರೆಯ ಸ್ನೇಹವೇ.

ಮನೆಯ ಹಿರಿಯರಲ್ಲಿ ನಮ್ಮ ಅರಿಕೆಯಿಷ್ಟೆ. ಏರು ಎಂದು ನೂಕಬೇಡಿ. ಏರಬೇಡ ಎಂದು ಆಣೆಯಿಡಬೇಡಿ. ವೈದ್ಯರ ಒಪ್ಪಿಗೆ, ಗುರುವಿನ ಯೋಗ್ಯತೆ, ಕುದುರೆಯ ಗುಣ, ಹೆಲ್ಮೆಟಿನ ಗಟ್ಟಿತನ, ಈ ನಾಲ್ಕನ್ನು ನೋಡಿಕೊಳ್ಳುವುದು ನಿಮ್ಮ ಹೊಣೆ, ಅದರಲ್ಲಿ ಕಟ್ಟುನಿಟ್ಟಾಗಿರಿ. ದಿನವನ್ನು ಗೊತ್ತುಮಾಡುವುದನ್ನು ಬಿದ್ದವರಿಗೇ ಬಿಡಿ. ಬೇಲಿಯ ಬಳಿ ನಿಂತು ನೋಡುವಾಗ ನಿಮ್ಮ ಎದೆಯೂ ಬಡಿದುಕೊಳ್ಳುವುದು; ಆಗ ಕೂಗಿ ಎಚ್ಚರಿಸಬೇಡಿ. ಅವರು ಇಳಿದು ಬಂದಾಗ, ಇವತ್ತು ಎಷ್ಟು ದೂರ ಹೋದೆ ಎಂದು ಕೇಳುವುದಕ್ಕಿಂತ, ಕುದುರೆ ಹೇಗಿತ್ತು ಎಂದು ಕೇಳಿ. ಉಳಿದುದನ್ನು ಅವರೇ ಹೇಳುವರು.