ಪರದೆಯ ಮೇಲಿನ ಆಳ, ನೀರಿನೊಳಗಿನ ಆಳ

ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಗೆ ಕಡಲು ದೂರ. ಇಲ್ಲಿ ಸುರಿದ ಮಳೆ ಪಡುವಣ ಕಡಲಿಗೆ ಇಳಿಯುವುದಿಲ್ಲ. ಭದ್ರೆಯನ್ನೋ ವೇದಾವತಿಯನ್ನೋ ಸೇರಿ ಮೂಡಣಕ್ಕೆ ಹರಿಯುತ್ತದೆ. ಹೀಗಿರುವಾಗ ಕರಾವಳಿಯ ಅಳಿವೆಗಳಲ್ಲಿ ದೋಣಿಗಳು ಯಾವ ನಕ್ಷೆ ನಂಬಿ ಸಾಗಬೇಕೆಂಬ ಪ್ರಶ್ನೆ ಈ ಭಾಗದವರಿಗೇಕೆ ಎಂದು ಕೇಳುವುದು ಸಹಜ. ಆದರೆ ಆ ಪ್ರಶ್ನೆ ಘಟ್ಟ ಹತ್ತಿ ಲಕ್ಕವಳ್ಳಿಯ ಹಿನ್ನೀರಿನವರೆಗೂ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಕರಾವಳಿಯನ್ನೇ ನೋಡೋಣ. ಹೊನ್ನಾವರದಲ್ಲಿ ಶರಾವತಿ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ, ಮಂಗಳೂರಿನಲ್ಲಿ ನೇತ್ರಾವತಿ-ಗುರುಪುರ ನದಿಗಳು ಮಳೆಗಾಲದಲ್ಲಿ ಹೊತ್ತು ತರುವ ಮರಳನ್ನು ಕಡಲಿನ ಅಲೆಗಳು ಹಿಂದಕ್ಕೆ ನೂಕುತ್ತವೆ. ಈ ತಿಕ್ಕಾಟದಲ್ಲಿ ಅಳಿವೆಬಾಗಿಲಿನಲ್ಲಿ ದಿಬ್ಬಗಳು ಏಳುತ್ತವೆ, ಆಳದ ದಾರಿ ಜಾಗ ಬದಲಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್‌ನಲ್ಲಿ ದೋಣಿಗಳು ಕಡಲಿಗಿಳಿಯುವಾಗ, ಮೇ ತಿಂಗಳಿನ ದಾರಿ ಅಲ್ಲೇ ಇದೆಯೆಂದು ನಂಬುವಂತಿಲ್ಲ. ಇಳಿತದ ಹೊತ್ತಿನಲ್ಲಿ ಮೀನು ತುಂಬಿದ ದೋಣಿಯ ತಳ ದಿಬ್ಬಕ್ಕೆ ತಾಗಿತೆಂದರೆ, ಹಿಂದಿನಿಂದ ಬರುವ ಅಲೆಗಳು ಅದನ್ನು ಅಡ್ಡ ತಿರುಗಿಸಿ ಮಗುಚಬಲ್ಲವು.

ದೋಣಿಗಳಲ್ಲಿ ಇಂದು ಸಲಕರಣೆಗಳಿಗೇನೂ ಬರವಿಲ್ಲ. ಜಿಪಿಎಸ್ ಇದೆ, ಎಕೋ ಸೌಂಡರ್ ಇದೆ. ಮೀನುಗಾರಿಕಾ ದೋಣಿಗಳಿಗೆ 1 ಲಕ್ಷ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆಗೆ ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಚಾಲನೆ ನೀಡಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ಜಿಪಿಎಸ್ ಹೇಳುವುದು ದೋಣಿ ಎಲ್ಲಿದೆ ಎಂಬುದನ್ನು; ಎಕೋ ಸೌಂಡರ್ ಹೇಳುವುದು ದೋಣಿಯ ಅಡಿಯಲ್ಲಿ ಎಷ್ಟು ನೀರಿದೆ ಎಂಬುದನ್ನು. ಹತ್ತು ಮಾರು ಮುಂದೆ ಏನಿದೆ ಎಂದು ಹೇಳಬೇಕಾದುದು ನಕ್ಷೆ.

ನಮ್ಮ ಕಡಲಿನ ಅಧಿಕೃತ ನಕ್ಷೆಗಳನ್ನು, ಅವುಗಳ ವಿದ್ಯುನ್ಮಾನ ರೂಪವನ್ನೂ ಸೇರಿಸಿ, ಸಿದ್ಧಪಡಿಸುವುದು ಡೆಹ್ರಾಡೂನ್‌ನಲ್ಲಿರುವ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿ. ನಕ್ಷೆಯಲ್ಲಿ ಕಾಣುವ ಪ್ರತಿಯೊಂದು ಅಂಕಿಯೂ ಎಂದೋ ಒಂದು ದಿನ ಅಳೆದದ್ದು. ಆ ಅಳತೆ ಎಷ್ಟು ನಂಬಲರ್ಹ ಎಂಬ ದರ್ಜೆಯೂ ವಿದ್ಯುನ್ಮಾನ ನಕ್ಷೆಯೊಳಗೆ ದಾಖಲಾಗಿರುತ್ತದೆ. ಆದರೆ ಹಳೆಯ ಕಾಗದ ತನ್ನ ವಯಸ್ಸನ್ನು ತಾನೇ ತೋರಿಸಿಕೊಳ್ಳುತ್ತದೆ. ಪರದೆ ಮಾತ್ರ ಸದಾ ಹೊಸದಾಗಿಯೇ ಹೊಳೆಯುತ್ತದೆ. ಅಪಾಯ ಇರುವುದು ಇಲ್ಲಿ.

2013ರ ಜನವರಿಯಲ್ಲಿ ಅಮೆರಿಕದ ನೌಕಾಪಡೆಯ ‘ಗಾರ್ಡಿಯನ್’ ಹಡಗು ಫಿಲಿಪೀನ್ಸ್‌ನ ಟುಬ್ಬಟಾಹ ಹವಳದ ದಿಬ್ಬವನ್ನು ಏರಿ ನಿಂತಿತು. ಡಿಜಿಟಲ್ ನಕ್ಷೆಯಲ್ಲಿ ಆ ದಿಬ್ಬ ಇದ್ದ ಜಾಗಕ್ಕಿಂತ ಸುಮಾರು 8 ನಾಟಿಕಲ್ ಮೈಲಿ ಆಚೆ ನಮೂದಾಗಿತ್ತು. ತನಿಖೆ ಸಿಬ್ಬಂದಿಯ ಅಜಾಗರೂಕತೆಯನ್ನೂ ಎತ್ತಿ ತೋರಿಸಿತು. ಹಡಗನ್ನು ಕೊನೆಗೆ ತುಂಡರಿಸಿ ಸಾಗಿಸಬೇಕಾಯಿತು. ಅಷ್ಟು ಬಲಾಢ್ಯ ನೌಕಾಪಡೆಯ ಗತಿಯೇ ಹೀಗಾದರೆ ಗಂಗೊಳ್ಳಿಯ ದೋಣಿಯ ಪಾಡೇನು?

2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ದೇಶದ ಜಲಮಾರ್ಗಗಳ ಸಂಖ್ಯೆಯನ್ನು 5ರಿಂದ 111ಕ್ಕೆ ಏರಿಸಿತು. ಕಾಳಿ, ಶರಾವತಿ, ಪಂಚಗಂಗಾವಳಿ, ಗುರುಪುರ, ನೇತ್ರಾವತಿ ಆ ಪಟ್ಟಿಯಲ್ಲಿವೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ನದಿ ಹೆದ್ದಾರಿಯಾಗುವುದಿಲ್ಲ. ರಸ್ತೆಯ ಗುಂಡಿ ಎಲ್ಲರ ಕಣ್ಣಿಗೂ ಬೀಳುತ್ತದೆ. ನೀರಿನಡಿಯ ದಿಬ್ಬ ಅಳೆದವರಿಗೆ ಮಾತ್ರ ತಿಳಿಯುತ್ತದೆ.

ಇನ್ನು ಲಕ್ಕವಳ್ಳಿ. ತರೀಕೆರೆ ತಾಲ್ಲೂಕಿನ ಈ ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ, ಸಾಮರ್ಥ್ಯ ಸುಮಾರು 71.5 ಟಿಎಂಸಿ. ಹಿನ್ನೀರಿನಲ್ಲಿ ಪ್ರವಾಸಿಗರ ದೋಣಿಗಳು ಓಡಾಡುತ್ತವೆ. ಬೇಸಿಗೆಯಲ್ಲಿ ನೀರು ಇಳಿದಂತೆ ನಡುಗಡ್ಡೆಗಳು ತಲೆಯೆತ್ತುತ್ತವೆ, ರಿವರ್ ಟರ್ನ್ ಹಕ್ಕಿಗಳು ಅವುಗಳ ಮೇಲೆ ಮೊಟ್ಟೆಯಿಡುತ್ತವೆ. ತಲೆಯೆತ್ತುವ ಮುನ್ನ ಅವೇ ನಡುಗಡ್ಡೆಗಳು ತೆಳುನೀರಿನಡಿ ಅಡಗಿರುತ್ತವೆ. ಅಳಿವೆಯಲ್ಲಿ ನೆಲವೇ ಸರಿಯುತ್ತದೆ. ಇಲ್ಲಿ ಹೆಚ್ಚಾಗಿ ಸರಿಯುವುದು ನೀರಿನ ಮಟ್ಟ. ಜಲಾಶಯದ ಮಟ್ಟವಂತೂ ದಿನವೂ ಪ್ರಕಟವಾಗುತ್ತದೆ. ತಳದ ನಕ್ಷೆಯೊಂದಿದ್ದರೆ ಎಲ್ಲಿ ಎಷ್ಟು ಆಳ ಎಂಬುದು ಕೂಡಿಸಿ ಕಳೆಯುವ ಲೆಕ್ಕವಷ್ಟೆ.

ಅದೇ ನಕ್ಷೆ ಇನ್ನೊಂದು ದೊಡ್ಡ ಲೆಕ್ಕವನ್ನೂ ಹೇಳಬಲ್ಲದು. ಭದ್ರೆಯ ನೀರು ಮುಂದೆ ಸೇರುವ ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ. 2008ರ ಸಮೀಕ್ಷೆ ಅದು 100.855 ಟಿಎಂಸಿಗೆ ಇಳಿದಿದೆ ಎಂದಿತು. 2016ರ ಸಮೀಕ್ಷೆ 105.788 ಎಂದಿತು. ನಡುವೆ ಯಾರೂ ಜಲಾಶಯವನ್ನು ಬರಿದುಮಾಡಿ ಹೂಳೆತ್ತಲಿಲ್ಲ. ಅಳೆದ ಬಗೆ ಬದಲಾದಾಗ ಸುಮಾರು 5 ಟಿಎಂಸಿಯ ವ್ಯತ್ಯಾಸ ಕಂಡಿತು. ಭದ್ರೆಯ ನೀರು ಅಜ್ಜಂಪುರದ ಬಳಿಯ ಸುರಂಗ ದಾಟಿ ವಾಣಿವಿಲಾಸ ಸಾಗರದತ್ತ ಹರಿಯತೊಡಗಿರುವ ಈ ಕಾಲದಲ್ಲಿ, ಜಲಾಶಯದ ನಿಜವಾದ ಆಳ ಎಷ್ಟು ಎಂಬುದು ಭದ್ರಾ ಅಚ್ಚುಕಟ್ಟಿನ ರೈತನಿಗೂ ಕಡೂರಿನ ಒಣಭೂಮಿಯ ರೈತನಿಗೂ ನ್ಯಾಯದ ಪ್ರಶ್ನೆ.

ಆಗಬೇಕಾದದ್ದು ಅಸಾಧ್ಯವೇನಲ್ಲ. ಮೀನುಗಾರಿಕೆ ಆರಂಭವಾಗುವ ಹೊತ್ತಿಗೆ ಪ್ರತಿ ವರ್ಷವೂ ಅಳಿವೆಗಳನ್ನು ಅಳೆದು, ಅಳೆದ ದಿನಾಂಕ ಎದ್ದು ಕಾಣುವಂತೆ, ಕನ್ನಡದಲ್ಲಿ, ಮೊಬೈಲ್‌ನಲ್ಲಿ ತೆರೆಯುವಂತೆ ನಕ್ಷೆ ಪ್ರಕಟಿಸಬೇಕು. ದಿನವೂ ಅಳಿವೆ ದಾಟುವ ದೋಣಿಗಳ ಎಕೋ ಸೌಂಡರ್ ಅಳತೆಗಳನ್ನು ಅದಕ್ಕೆ ಬಳಸಿಕೊಳ್ಳಬಹುದು. ಜಲಾಶಯಗಳ ತಳದ ನಕ್ಷೆಗಳೂ ಸಾರ್ವಜನಿಕರ ಕೈಗೆ ಸಿಗಬೇಕು. ಅನುಭವಿ ಮೀನುಗಾರರಿಗೆ ನೀರಿನ ಬಣ್ಣ, ಅಲೆ ಒಡೆಯುವ ರೀತಿಯೇ ಸಾಕಲ್ಲವೇ ಎನ್ನುವವರಿದ್ದಾರೆ. ಆ ವಿವೇಕ ನಕ್ಷೆಗಿಂತ ಹಳೆಯದು, ಅದನ್ನು ಕಳೆದುಕೊಳ್ಳಲೂಬಾರದು. ಆದರೆ ಮಳೆಗಾಲದ ಕೆಂಪು ನೀರಿನಲ್ಲಿ, ಇರುಳಿನಲ್ಲಿ ಆ ಕಣ್ಣಿಗೂ ದಿಬ್ಬ ಕಾಣುವುದಿಲ್ಲ. ಯಂತ್ರ ಕೊಡಿಸಿ ಅಳತೆ ಕೊಡದ ಸರ್ಕಾರ, ಅರ್ಧ ಕೆಲಸವನ್ನಷ್ಟೇ ಮಾಡಿದೆ.